ಚೋರ

ಸಂಡೂರು ತಾಲೂಕಿನ ಚೋರನೂರು ಎಂಬ ಹೆಸರನ್ನು ಮೊದಲ ಸಲ ಕೇಳಿದ ಪರಸ್ಥಳದವರ ಕಿವಿ ಒಂದು ಕ್ಷಣ ನಿಮಿರದೆ ಇರುವುದಿಲ್ಲ. ಅಲ್ಲಿಯ ರೈತರಿಗಾದರೋ ಅದು ಪಹಣಿಯಲ್ಲಿಯೂ ಬಸ್ಸಿನ ಬೋರ್ಡಿನಲ್ಲಿಯೂ ಮದುವೆಯ ಕರೆಯೋಲೆಯಲ್ಲಿಯೂ ಕಾಣುವ ತಮ್ಮೂರ ಹೆಸರೇ ಹೊರತು ಮತ್ತೇನೂ ಅಲ್ಲ. ಆದರೆ ಶಬ್ದಗಳಲ್ಲಿ ಆಸಕ್ತಿಯುಳ್ಳವನಿಗೆ ಅದರ ಮೊದಲೆರಡು ಅಕ್ಷರಗಳು ದೂರದ ವಿಚಾರವೊಂದಕ್ಕೆ ದಾರಿಯಾಗುತ್ತವೆ.

ಚೋರ ಎಂಬುದು ಸಂಸ್ಕೃತದಿಂದ ಬಂದ ಅತಿಥಿ, ಕಳ್ಳ ಎಂಬುದು ಈ ಮನೆಯ ಮಗ. ಅತಿಥಿಗೆ ಸಹಜವಾದ ಮರ್ಯಾದೆ ದೊರೆತು, ಆತನು ನವನೀತಚೋರನಾಗಿ ಪೂಜೆಯನ್ನೂ ಚಿತ್ತಚೋರನಾಗಿ ಪ್ರಣಯಿಗಳ ಆದರವನ್ನೂ ಪಡೆದನು. ಮನೆಯ ಮಗನಾದರೋ ಮೈಗಳ್ಳ, ಕಳ್ಳಸಂತೆ, ಕಳ್ಳನೋಟು ಎಂದು ಎಲ್ಲರ ಬೈಗುಳಕ್ಕೂ ಮೈಯೊಡ್ಡಬೇಕಾಯಿತು. ಆದರೂ, ಕಣ್ಣು ಮುಚ್ಚಿ ನಿದ್ದೆಯನ್ನು ನಟಿಸುತ್ತ ತುಟಿಯಂಚಿನಲ್ಲಿ ನಗುವ ಕೂಸನ್ನು ತಾಯಿ ‘ಅಯ್ಯೋ ಕಳ್ಳಾ’ ಎಂದು ಎತ್ತಿಕೊಳ್ಳುವಾಗ ಆ ಮಾತಿನಲ್ಲಿ ಇರುವಷ್ಟು ಅಕ್ಕರೆ ಮತ್ತಾವ ಶಬ್ದದಲ್ಲಿಯೂ ಇರಲಾರದು.

ಇಂತಹ ಶಬ್ದವನ್ನು ಹುಟ್ಟುವ ಮೊದಲೇ ಮನುಷ್ಯನ ಹಣೆಗೆ ಹಚ್ಚಿದ ಕಾಲವೊಂದಿತ್ತು. 1871ರಲ್ಲಿ ಬ್ರಿಟಿಷ್ ಸರಕಾರವು ಕೆಲವು ಬುಡಕಟ್ಟುಗಳನ್ನು ಜನ್ಮತಃ ಅಪರಾಧಿಗಳೆಂದು ಸಾರುವ ಕಾಯಿದೆಯನ್ನು ಮಾಡಿತು. 1911ರ ಕಾಯಿದೆಯಿಂದ ಮದರಾಸು ಪ್ರಾಂತವೂ, ಆಗ ಅದಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯೂ ಅದರ ವ್ಯಾಪ್ತಿಗೆ ಬಂದವು. ಎತ್ತು ಕತ್ತೆಗಳ ಮೇಲೆ ಉಪ್ಪನ್ನೂ ಧಾನ್ಯವನ್ನೂ ಹೇರಿಕೊಂಡು ಊರೂರು ತಿರುಗುತ್ತಿದ್ದ, ರೈಲು ಬಂದ ತರುವಾಯ ಆ ವ್ಯಾಪಾರವನ್ನು ಕಳೆದುಕೊಂಡ, ಬುಟ್ಟಿ ಮೊರಗಳನ್ನು ಹೆಣೆದು ಹೊಟ್ಟೆ ಹೊರೆಯುತ್ತಿದ್ದ ಕೊರಚರಂತಹ ಸಮುದಾಯಗಳ ಎಷ್ಟೋ ಮಂದಿ, ಏನನ್ನೂ ಕದಿಯದಿದ್ದರೂ, ಪೊಲೀಸರ ಮುಂದೆ ನಿಂತು ಹಾಜರಿ ಹೇಳಬೇಕಾಯಿತು. 1952ರಲ್ಲಿ ಕಾಯಿದೆ ರದ್ದಾಯಿತು. ನಾಲಗೆಯ ಮೇಲಿನ ಕಾಯಿದೆ ಅಷ್ಟು ಸುಲಭವಾಗಿ ರದ್ದಾಗಲಿಲ್ಲ. ಬಿದಿರಿನ ಸೀಳುಗಳಿಂದ ಬೆರಳು ಗೀರಿಸಿಕೊಂಡು ಹೆಣೆದ ಮೊರವನ್ನು ಸಂತೆಯಲ್ಲಿ ಚೌಕಾಸಿ ಮಾಡಿ ಕೊಂಡವರೇ, ಅದನ್ನು ಹೆಣೆದವಳು ಬಾಗಿಲಿಗೆ ಬಂದಾಗ ಅಂಗಳದಲ್ಲಿ ಒಣಹಾಕಿದ ತಾಮ್ರದ ಕೊಡದ ಕಡೆಗೆ ಕಣ್ಣು ಹಾಯಿಸುತ್ತಾರೆ. ಇದು ನನಗೆ ಬಹಳ ನೋವಿನ ಸಂಗತಿ.

ಏಕೆಂದರೆ 1871ರ ಆ ಕಾಯಿದೆಗೆ ನಾಲ್ವತ್ತು ವರ್ಷಗಳ ಮೊದಲೇ, ಇದೇ ಜಿಲ್ಲೆಯಲ್ಲಿ, ಕಳ್ಳನೆಂಬ ಶಬ್ದವನ್ನು ಸರ್ವಥಾ ಬೇರೆ ರೀತಿಯಲ್ಲಿ ಬಳಸುವ ಗ್ರಂಥವು ಕನ್ನಡಕ್ಕೆ ಬಂದಿದ್ದಿತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿ, ಭಾಷೆಯನ್ನು ಕಲಿತು, ದೀರ್ಘಕಾಲ ಶ್ರಮಿಸಿದುದರ ಫಲವಾಗಿ 1831ರ ವೇಳೆಗೆ ಸಂಪೂರ್ಣ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಆ ಗ್ರಂಥದಲ್ಲಿ ಹಣದ ಚೀಲವನ್ನು ಇಟ್ಟುಕೊಂಡಿದ್ದ ಶಿಷ್ಯನಾದ ಯೂದನನ್ನು ಯೋಹಾನನು ನೇರವಾಗಿ ಕಳ್ಳನೆಂದು ಕರೆಯುತ್ತಾನೆ. ಗೌರವಸ್ಥರು ತುಂಬಿದ ದೇವಾಲಯವನ್ನು ಯೇಸುಸ್ವಾಮಿಯು ಕಳ್ಳರ ಗವಿಯೆನ್ನುತ್ತಾನೆ. ಕರ್ತನ ದಿನವು ರಾತ್ರಿಯಲ್ಲಿ ಕಳ್ಳನು ಬರುವಂತೆ ಬರುವುದೆಂದು ಪೌಲನು ಥೆಸಲೋನಿಕದವರಿಗೆ ಬರೆಯುತ್ತಾನೆ. ಕಳ್ಳನೆಂದು ಯಾರೂ ಹಾಜರಿ ಕೂಗದ ಶ್ರೀಮಂತ ಸುಂಕದವನಾದ ಜಕ್ಕಾಯನು, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುವೆನೆಂದು ತಾನಾಗಿಯೇ ಎದ್ದು ನಿಂತು ನುಡಿಯುತ್ತಾನೆ. ಅದು ಕದ್ದ ಕುರಿಗೆ ಮೋಶೆಯ ಧರ್ಮಶಾಸ್ತ್ರವು ವಿಧಿಸಿದ ದಂಡ.

ಇನ್ನು ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಇಬ್ಬರಲ್ಲಿ ಒಬ್ಬ ಮನುಷ್ಯ. ಮತ್ತಾಯ ಮಾರ್ಕರು ಆತನನ್ನು ಕಳ್ಳನೆನ್ನುತ್ತಾರೆ, ಲೂಕನು ದುಷ್ಕರ್ಮಿಯೆನ್ನುತ್ತಾನೆ. ಆತನ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ. ಶಿಷ್ಯರಲ್ಲಿ ಬಹುಮಂದಿ ಓಡಿಹೋಗಿದ್ದಾರೆ, ಅಧಿಕಾರಿಗಳು ಹಾಸ್ಯಮಾಡುತ್ತಿದ್ದಾರೆ. ಶಿಲುಬೆಯ ಮೇಲೆ ತೂಗುತ್ತ, ಉಸಿರೆಳೆದುಕೊಳ್ಳುವುದೇ ಯಾತನೆಯಾದ ಸ್ಥಿತಿಯಲ್ಲಿ ಆತನು ಆ ಉಸಿರನ್ನು ಮೂರು ಕೆಲಸಗಳಿಗೆ ವ್ಯಯಮಾಡುತ್ತಾನೆ: ಜೊತೆಗಾರನನ್ನು ಗದರಿಸುತ್ತಾನೆ, ತನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತಾನೆ, ಪಕ್ಕದಲ್ಲಿ ಸಾಯುತ್ತಿರುವವನು ನಿರಪರಾಧಿಯೆಂದು ಸಾಕ್ಷಿ ನುಡಿಯುತ್ತಾನೆ. ಅನಂತರ ‘ಯೇಸುವೇ’ ಎಂದು ಬರಿಯ ಹೆಸರಿನಿಂದ ಕರೆದು, ತನ್ನನ್ನು ನೆನಸಿಕೊಳ್ಳೆಂದು ಬೇಡುತ್ತಾನೆ. ರಕ್ತ ಸುರಿಯುತ್ತಿರುವ ಆ ದೇಹದಲ್ಲಿ ರಾಜನನ್ನು ಕಂಡವನು ಆ ಗುಡ್ಡದ ಮೇಲೆ ಆತನೊಬ್ಬನೇ. ಪಂಡಿತರಿಗೆ ದೊರೆಯದ ದೃಷ್ಟಿಯನ್ನು ದೇವರು ಆ ಕಣ್ಣುಗಳಿಗೆ ಕೊಟ್ಟಿದ್ದನು.

ಶುಭ ಶುಕ್ರವಾರದ ಮಧ್ಯಾಹ್ನ ನಮ್ಮ ಸಭೆಗಳಲ್ಲಿ ಶಿಲುಬೆಯ ಸಪ್ತವಾಕ್ಯಗಳ ಮೇಲೆ ಪ್ರಸಂಗಗಳಾಗುವಾಗ ಎರಡನೆಯದು ಆತನಿಗೆ ಪರದೈಸಿನ ಮಾತುಕೊಟ್ಟ ವಾಕ್ಯ. ಅದನ್ನು ಬಹು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ, ಉತ್ತಮ ಪ್ರಸಂಗಗಳನ್ನೇ ಕೇಳಿದ್ದೇನೆ. ಈಗ ಅದನ್ನು, ಯಾರ ತಾತನು ಠಾಣೆಯ ಮುಂದೆ ಸಾಲಿನಲ್ಲಿ ನಿಂತು ಹಾಜರಿ ಹೇಳಿದ್ದನೋ ಅಂತಹವರೊಬ್ಬರ ಬಾಯಿಂದ, ಅವರು ಪೀಠದಲ್ಲಿಯೂ ನಾನು ಕೆಳಗೆ ಬೆಂಚಿನಲ್ಲಿಯೂ ಇದ್ದು, ಕೇಳಬೇಕೆಂಬ ಆಸೆ ನನಗಿದೆ.