ರೇವಾ ಕಾರಿನ ಲೆಕ್ಕವೂ ನಮ್ಮ ಪಾರ್ಕಿಂಗ್‌ನ ಪ್ಲಗ್ಗೂ

ನಮ್ಮ ಮನೆಯ ಪೆಟ್ರೋಲ್ ಕಾರಿಗೆ ಈ ವರ್ಷ ಹದಿನೈದು ತುಂಬುತ್ತದೆ. ಎಫ್‌ಸಿ ಮಾಡಿಸಿ ಇನ್ನೈದು ವರ್ಷ ಓಡಿಸುವುದೋ, ಎಲೆಕ್ಟ್ರಿಕ್ ಕಾರು ಕೊಳ್ಳುವುದೋ ಅಂತ ಮನೆಯಲ್ಲಿ ದಿನಾ ಚರ್ಚೆ. ನಾನು ಪೆನ್ನು ಪೇಪರ್ ಹಿಡಿದು ಕಿಲೋಮೀಟರಿಗೆ ಎಷ್ಟು ಪೈಸೆ ಅಂತ ಗುಣಿಸುತ್ತಾ ಕೂತಿದ್ದರೆ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಅದೆಲ್ಲಾ ಸರಿ ರೀ, ಪ್ಲಗ್ ಎಲ್ಲಿ ಹಾಕ್ತೀರಾ?"

ನಾವಿರುವುದು ಪುಟ್ಟೇನಹಳ್ಳಿಯಲ್ಲಿ. ಜೆ.ಪಿ. ನಗರ ಏಳನೇ ಹಂತದ ಕೆರೆಯ ಪಕ್ಕದ್ದು, ಯಲಹಂಕದ ಕಡೆಯದ್ದಲ್ಲ. ಮನೆ ಮೂರನೇ ಮಹಡಿಯಲ್ಲಿ, ಕಾರು ನೆಲಮಾಳಿಗೆಯಲ್ಲಿ. ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಟ್ಯೂಬ್‌ಲೈಟ್ ಬಿಟ್ಟರೆ ಬೇರೆ ಕರೆಂಟಿಲ್ಲ. ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಯೋಚಿಸಿದಾಗ ಅನಿಸಿದ್ದು, ಈ ಪ್ರಶ್ನೆ ಹೊಸದಲ್ಲ. ಇದೇ ಊರಿನ ಜನ 2001ರಲ್ಲೇ ಇದನ್ನು ಕೇಳಿಕೊಂಡಿದ್ದರು. ಆ ಕಥೆಯನ್ನೇ ಇಲ್ಲಿ ಬರೆದಿದ್ದೇನೆ.

ಬ್ಯಾಟರಿ ಕಾರು ಅನ್ನುವುದು ಪೆಟ್ರೋಲ್ ಕಾರಿನಷ್ಟೇ ಹಳೆಯದು. 1900ರ ಸುಮಾರಿಗೆ ಅಮೆರಿಕಾದಲ್ಲಿ ಓಡುತ್ತಿದ್ದ ಕಾರುಗಳಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಬ್ಯಾಟರಿಯದ್ದು. ಅಗ್ಗದ ಫೋರ್ಡ್ ಕಾರು, ಅಗ್ಗದ ಪೆಟ್ರೋಲು ಬಂದ ಮೇಲೆ ಅವು ಮೂಲೆ ಸೇರಿದವು. ಬೆಂಗಳೂರಿಗೂ ಕರೆಂಟಿಗೂ ಹಳೇ ನಂಟು. 1905ರಲ್ಲೇ ಶಿವನಸಮುದ್ರದ ವಿದ್ಯುತ್ತಿನಿಂದ ಇಲ್ಲಿ ಬೀದಿ ದೀಪ ಉರಿದಿತ್ತು. ಆದರೆ ಕರೆಂಟಿನ ಕಾರು ಬರಲು ಇನ್ನೂ ತೊಂಬತ್ತಾರು ವರ್ಷ ಬೇಕಾಯಿತು.

1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಮತ್ತು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯವರು ಸೇರಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿ ಶುರು ಮಾಡಿದರು. ಇದರ ಹಿಂದಿದ್ದವರು ಚೇತನ್ ಮೈನಿ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರಶಕ್ತಿಯ ಕಾರಿನ ತಂಡದಲ್ಲಿದ್ದವರು. ಕಾರಿನ ಹೆಸರು ಅವರ ತಾಯಿಯದ್ದು. 2001ರಲ್ಲಿ ಕಾರು ರಸ್ತೆಗೆ ಬಂತು. ಕಾರ್ಖಾನೆ ಬೊಮ್ಮಸಂದ್ರದಲ್ಲಿ, ಅಂದರೆ ನಮ್ಮ ಏರಿಯಾದಿಂದ ಹೊಸೂರು ರಸ್ತೆ ಹಿಡಿದರೆ ಒಂದು ಇಪ್ಪತ್ತು ಕಿಲೋಮೀಟರ್ ಅಷ್ಟೆ.

ಎರಡು ಬಾಗಿಲಿನ ಪುಟ್ಟ ಕಾರು. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಗೇರು, ಕ್ಲಚ್ಚು ಇಲ್ಲ. ಸೀಟಿನ ಕೆಳಗೆ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟ್, 200 ಆಂಪಿಯರ್ ಅವರ್. ಗುಣಿಸಿದರೆ 9.6 ಯೂನಿಟ್. ಅಷ್ಟರಲ್ಲಿ 80 ಕಿಲೋಮೀಟರ್ ಓಡುತ್ತದೆ ಅಂತ ಕಂಪನಿ ಹೇಳುತ್ತಿತ್ತು. ಚಾರ್ಜ್ ಮಾಡಲು ಮನೆಯ 15 ಆಂಪ್ಸ್ ಸಾಕೆಟ್ ಸಾಕು. ಪೂರ್ತಿ ತುಂಬಲು ಎಂಟು ಗಂಟೆ. ರಾತ್ರಿ ಚುಚ್ಚಿದರೆ ಬೆಳಿಗ್ಗೆ ರೆಡಿ. ಕಿಲೋಮೀಟರಿನ ಖರ್ಚು ಪೈಸೆಗಳಲ್ಲಿ!

ಹಾಗಾದರೆ ಊರಲ್ಲೆಲ್ಲಾ ಯಾಕೆ ಓಡಲಿಲ್ಲ? ಕಾರು ತೀರಾ ಚಿಕ್ಕದು, ಸುರಕ್ಷತೆಯ ಬಗ್ಗೆಯೂ ಅನುಮಾನ, ಇದ್ದದ್ದೇ. ಆದರೆ ಲೆಕ್ಕ ಹಾಕುವವರನ್ನು ನಿಲ್ಲಿಸಿದ್ದು ಬೇರೆ ಎರಡು ವಿಷಯ. ಒಂದು ಬ್ಯಾಟರಿ. ಸೀಸದ ಬ್ಯಾಟರಿ ಮೂರು ವರ್ಷದ ಆಸುಪಾಸಿಗೆ ಮುಗಿಯುತ್ತಿತ್ತು, ಎಂಟನ್ನೂ ಬದಲಿಸಬೇಕು. ದಿನಾ ಉಳಿಸಿದ ಪೆಟ್ರೋಲ್ ದುಡ್ಡನ್ನು ಒಂದೇ ದಿನ ಎಣಿಸಿ ಕೊಟ್ಟ ಹಾಗೆ. ಎರಡನೆಯದು ನನ್ನ ಹೆಂಡತಿಯ ಪ್ರಶ್ನೆ. ಸ್ವಂತ ಸೈಟಿನಲ್ಲಿ ಮನೆ ಕಟ್ಟಿಕೊಂಡು ಗೇಟಿನ ಒಳಗೆ ಕಾರು ನಿಲ್ಲಿಸುವವರಿಗೆ ಪ್ಲಗ್ ಸಮಸ್ಯೆಯೇ ಅಲ್ಲ. ಮಹಡಿ ಮೇಲೆ ಬಾಡಿಗೆಗಿದ್ದು ಬೀದಿಯಲ್ಲಿ ಕಾರು ನಿಲ್ಲಿಸುವವರು ಏನು ಮಾಡಬೇಕು?

ಇಲ್ಲೊಂದು ತಮಾಷೆಯ ಸಂಗತಿ ಇದೆ. 2004ರಿಂದ ಇದೇ ಕಾರು 'ಜಿ-ವಿಜ್' ಎಂಬ ಹೆಸರಲ್ಲಿ ಲಂಡನ್ನಿಗೆ ಹೋಯಿತು. ಅಲ್ಲಿ 2003ರಿಂದ ನಗರದ ಮಧ್ಯಕ್ಕೆ ಕಾರು ತಂದರೆ ದಟ್ಟಣೆ ಶುಲ್ಕ ಕಟ್ಟಬೇಕಿತ್ತು, ಬ್ಯಾಟರಿ ಕಾರಿಗೆ ಮಾತ್ರ ಮಾಫಿ. ಹಾಗಾಗಿ ನಮ್ಮ ಊರಿನ ಕಾರಿಗೆ ಅಲ್ಲಿ ಒಳ್ಳೇ ಗಿರಾಕಿ. 2006ರಲ್ಲಿ ವೆಸ್ಟ್‌ಮಿನ್‌ಸ್ಟರ್ ಪಾಲಿಕೆಯವರು ಬೀದಿ ಬದಿಯಲ್ಲೇ ಚಾರ್ಜಿಂಗ್ ಕಂಬ ನೆಟ್ಟರು. ನಮ್ಮ ಬೆಸ್ಕಾಂ ಕೆ.ಆರ್. ವೃತ್ತದ ತನ್ನ ಕಚೇರಿಯಲ್ಲಿ ಮೊದಲ ಚಾರ್ಜಿಂಗ್ ಕೇಂದ್ರ ತೆರೆದದ್ದು 2018ರ ಫೆಬ್ರವರಿಯಲ್ಲಿ. ಕಾರು ಮಾಡಿದ ಊರಿಗಿಂತ ಕಾರು ಕೊಂಡ ಊರಿಗೇ ಪ್ಲಗ್ ಮೊದಲು ಬಂತು!

2010ರ ಮೇ ತಿಂಗಳಲ್ಲಿ ಮಹೀಂದ್ರದವರು ರೇವಾ ಕಂಪನಿಯ ಹೆಚ್ಚಿನ ಪಾಲು ಕೊಂಡರು. 2013ರಲ್ಲಿ ಲಿಥಿಯಂ ಬ್ಯಾಟರಿಯ ಇ2ಒ ಬಂತು. ಅದು ದುಬಾರಿ ಎಂಬ ದೂರು ಬಂದಾಗ, 2014ರಲ್ಲಿ ಬೆಲೆ ಇಳಿಸಿ, ಬ್ಯಾಟರಿಗೆ ಬೇರೆಯಾಗಿ ತಿಂಗಳಿಗೆ 2,599 ರೂಪಾಯಿಯಂತೆ ಕಟ್ಟುವ ಯೋಜನೆ ತಂದರು. ಐದು ವರ್ಷ ಅಥವಾ 50,000 ಕಿಲೋಮೀಟರಿಗೆ. ಅರವತ್ತು ತಿಂಗಳಿಗೆ ಗುಣಿಸಿ 50,000ದಿಂದ ಭಾಗಿಸಿದರೆ ಕಿಲೋಮೀಟರಿಗೆ 3 ರೂಪಾಯಿ 12 ಪೈಸೆ. ಅಂದರೆ ಎಲೆಕ್ಟ್ರಿಕ್ ಕಾರಿನ ನಿಜವಾದ ಪೆಟ್ರೋಲು ಕರೆಂಟಲ್ಲ, ಬ್ಯಾಟರಿ. ರೇವಾ ಕೊಂಡವರಿಗೆ ಮೂರು ವರ್ಷಕ್ಕೆ ಗೊತ್ತಾಗುತ್ತಿದ್ದ ಸತ್ಯ ಈಗ ಬಿಲ್ಲಿನಲ್ಲೇ ಬಂತು.

ಹತ್ತು ವರ್ಷದ ನಂತರ, 2024ರ ಸೆಪ್ಟೆಂಬರಿನಲ್ಲಿ, ಎಂಜಿ ವಿಂಡ್ಸರ್ ಬಂದಾಗ ಅದೇ ಲೆಕ್ಕ ಮತ್ತೆ. ಬ್ಯಾಟರಿ ಸೇರಿ 13.5 ಲಕ್ಷ, ಬ್ಯಾಟರಿ ಬಾಡಿಗೆಗೆ ಪಡೆದರೆ 9.99 ಲಕ್ಷ ಮತ್ತು ಕಿಲೋಮೀಟರಿಗೆ ಮೂರೂವರೆ ರೂಪಾಯಿ. ವ್ಯತ್ಯಾಸ ಮೂರೂವರೆ ಲಕ್ಷ. ಅದು ಒಂದು ಲಕ್ಷ ಕಿಲೋಮೀಟರಿನ ಬಾಡಿಗೆ.

ಈಗ ನಮ್ಮ ಮನೆಯ ಲೆಕ್ಕ. ತಿಂಗಳಿಗೆ 800 ಕಿಲೋಮೀಟರ್ ಓಡಾಟ. 2024ರ ಜೂನಿನಲ್ಲಿ ಇಲ್ಲಿ ಪೆಟ್ರೋಲ್ 102 ರೂಪಾಯಿ ದಾಟಿತು. ಅದೇ ದರ ಹಿಡಿದು ಲೀಟರಿಗೆ 15 ಅಂದರೂ ಕಿಲೋಮೀಟರಿಗೆ 6.80. ಎಲೆಕ್ಟ್ರಿಕ್‌ನಲ್ಲಿ ಯೂನಿಟ್ಟಿಗೆ 6 ಕಿಲೋಮೀಟರ್, ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ಕಿಲೋಮೀಟರಿಗೆ 1 ರೂಪಾಯಿ. ಬ್ಯಾಟರಿಯ ಮೂರೂವರೆ ಸೇರಿಸಿ 4.50. ಉಳಿತಾಯ ತಿಂಗಳಿಗೆ 1,800ರ ಸುಮಾರು. ಚಾರ್ಜರಿನ ಜಾಹೀರಾತು ಹೇಳುವಷ್ಟಿಲ್ಲ, ಆದರೂ ಇದೆ.

ಇನ್ನೊಂದು ಇಲ್ಲಿಯದ್ದೇ ಲೆಕ್ಕ ಇದೆ, ಗೃಹಜ್ಯೋತಿ. ನಮ್ಮ ಮನೆಯ ಬಳಕೆ ಸುಮಾರು 110 ಯೂನಿಟ್, ಬಿಲ್ಲು ಸೊನ್ನೆ. ಕಾರಿಗೆ ತಿಂಗಳಿಗೆ 130 ಯೂನಿಟ್ ಬೇಕು. ಎರಡೂ ಒಂದೇ ಮೀಟರಿನಲ್ಲಿ ಬಂದರೆ 200 ದಾಟುತ್ತದೆ. ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮನೆಯ 110 ಯೂನಿಟ್ಟಿನ ದುಡ್ಡು, ಅಂದರೆ 660 ರೂಪಾಯಿ, ಕಾರಿನ ಖರ್ಚಿಗೇ ಸೇರಿತು ಅನ್ನಿ. ಉಳಿತಾಯದ ಮೂರನೇ ಒಂದು ಭಾಗಕ್ಕೂ ಹೆಚ್ಚು ಅಲ್ಲೇ ಹೋಯಿತು. ಹಾಗಾಗಿ ಕಾರಿಗೆ ಬೇರೆ ಮೀಟರ್ ಇದ್ದರೆ ಒಳ್ಳೆಯದು. ಬೆಸ್ಕಾಂ ದರಪಟ್ಟಿಯಲ್ಲಿ ವಾಹನ ಚಾರ್ಜಿಂಗಿಗೆ ಪ್ರತ್ಯೇಕ ವರ್ಗವೇ ಇದೆ.

ಇಪ್ಪತ್ತು ವರ್ಷದಲ್ಲಿ ಬ್ಯಾಟರಿಯ ಪ್ರಶ್ನೆಗೆ ಉತ್ತರ ಸಿಕ್ಕಿದೆ ಅನ್ನಬಹುದು. ರೇವಾಕ್ಕೆ ಮೂರು ವರ್ಷ ಆಯಸ್ಸಿದ್ದರೆ 2020ರ ನೆಕ್ಸಾನ್ ಇವಿಗೆ ಟಾಟಾದವರು ಎಂಟು ವರ್ಷ ಅಥವಾ 1,60,000 ಕಿಲೋಮೀಟರಿನ ಬ್ಯಾಟರಿ ವಾರಂಟಿ ಕೊಟ್ಟರು. ಜಿಎಸ್‌ಟಿ 2019ರ ಆಗಸ್ಟಿನಿಂದ ಶೇಕಡ 12ರಿಂದ 5ಕ್ಕೆ ಇಳಿಯಿತು. ಆದರೆ ಪ್ಲಗ್ಗಿನ ಪ್ರಶ್ನೆ ಇದ್ದಲ್ಲೇ ಇದೆ. ಮನೆಯ ಸಂಪರ್ಕದಿಂದಲೇ ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರದ 2022ರ ಮಾರ್ಗಸೂಚಿ ಹೇಳುತ್ತದೆ. ಆದರೆ ಮೀಟರ್ ಬೋರ್ಡಿನಿಂದ ನನ್ನ ಕಂಬದವರೆಗೆ ತಂತಿ ಎಳೆಯಬೇಕಾದರೆ ಹತ್ತು ಜನರ ಪಾರ್ಕಿಂಗ್ ತಲೆ ಮೇಲೆ ಹೋಗಬೇಕು. ಒಪ್ಪಬೇಕಾದವರು ದಿಲ್ಲಿಯವರಲ್ಲ, ಅಕ್ಕಪಕ್ಕದವರು.

ಮುಂದಿನ ಭಾನುವಾರ ನಮ್ಮ ಅಸೋಸಿಯೇಷನ್ ಮೀಟಿಂಗ್ ಇದೆ. ನನ್ನ ಖರ್ಚಿನಲ್ಲೇ ತಂತಿ, ಅರ್ಥಿಂಗ್, ಎಂಸಿಬಿ ಹಾಕಿಸುತ್ತೇನೆ ಅಂತ ಅರ್ಜಿ ಬರೆದಿಟ್ಟಿದ್ದೇನೆ. ಒಬ್ಬೊಬ್ಬರೂ ಒಂದೊಂದು ತಂತಿ ಎಳೆಯುವ ಬದಲು ಎಲ್ಲರಿಗೂ ಸೇರಿ ಒಂದೇ ಲೈನ್ ಎಳೆದರೆ ಅಗ್ಗ ಅಂತಲೂ ಹೇಳಬೇಕೆಂದಿದ್ದೇನೆ. ಈಗ ಬೇಡ ಅನ್ನುವವರಿಗೂ ನಾಳೆ ಬೇಕಾಗುತ್ತದೆ.

ಅವರು ಒಪ್ಪುವ ತನಕ ಕಾರು ಬುಕ್ ಮಾಡುವುದಿಲ್ಲ. ಮೊದಲು ಪ್ಲಗ್ಗು, ಆಮೇಲೆ ಬ್ಯಾಟರಿ, ಕೊನೆಗೆ ಕಾರು. ಹೆಂಡತಿ ಒಂದೇ ಮಾತಲ್ಲಿ ಹೇಳಿದ್ದನ್ನು ನಾನು ಇಷ್ಟುದ್ದ ಬರೆಯಬೇಕಾಯಿತು, ಇರಲಿ :)