ಸುಟ್ಟು ಉಳಿಸಿದ ದೃಷ್ಟಿ

ಅಕ್ಷಿಪಟಲವನ್ನು ಬೆಳಕಿನಿಂದ ಸುಡುವ ಚಿಕಿತ್ಸೆಗೆ ಮೂಲ ಒಂದು ಕಣ್ಣಿನ ಗಾಯ. 1945ರ ಜುಲೈ 10ರ ಸೂರ್ಯಗ್ರಹಣ ನೋಡಿ ದೃಷ್ಟಿ ಕೆಡಿಸಿಕೊಂಡ ವೈದ್ಯಕೀಯ ವಿದ್ಯಾರ್ಥಿಯೊಬ್ಬನನ್ನು ಹ್ಯಾಂಬರ್ಗ್‌ನಲ್ಲಿ ಗೆರ್ಡ್ ಮೇಯರ್-ಶ್ವಿಕೆರಾತ್ ಪರೀಕ್ಷಿಸಿದರು. ಇಂಥ ಸುಟ್ಟ ಕಲೆಯನ್ನೇ ಬೇಕಾದ ಕಡೆ ಮೂಡಿಸಿ ಹರಿದ ಅಕ್ಷಿಪಟಲವನ್ನು ಬೆಸೆಯಬಹುದೆಂಬುದು ಅವರ ಊಹೆ. ಮೊದಮೊದಲು ಕನ್ನಡಿಗಳ ಮೂಲಕ ಬಿಸಿಲನ್ನೇ ಕಣ್ಣಿಗೆ ಹಾಯಿಸಿದರು. ಮೋಡ ಕವಿದ ದಿನ ಚಿಕಿತ್ಸೆಯಿಲ್ಲ. 1950ರ ದಶಕದಲ್ಲಿ ಝೈಸ್ ಸಂಸ್ಥೆಯ ಕ್ಸೆನಾನ್ ದೀಪ ಬಂತು. ಅದರ ಸುಡುಗಾಯಗಳು ದೊಡ್ಡವು, ನೋವೂ ಹೆಚ್ಚು.

1960ರಲ್ಲಿ ಥಿಯೋಡರ್ ಮೈಮನ್ ರೂಬಿ ಲೇಸರ್ ಬೆಳಗಿಸಿದ ಮರುವರ್ಷವೇ ನ್ಯೂಯಾರ್ಕ್‌ನಲ್ಲಿ ಅದು ರೋಗಿಯ ಕಣ್ಣಿಗೆ ಬಿತ್ತು. ಆದರೆ ಅದರ ಕೆಂಪು ಬೆಳಕನ್ನು ರಕ್ತದ ಹಿಮೋಗ್ಲೋಬಿನ್ ಹೆಚ್ಚು ಹೀರುವುದಿಲ್ಲ. ಹಾಗಾಗಿ ಸಕ್ಕರೆ ಕಾಯಿಲೆಯಂಥ ರೋಗಗಳಲ್ಲಿ ಅಕ್ಷಿಪಟಲದಲ್ಲಿ ಬೆಳೆಯುವ ವಿಕೃತ ರಕ್ತನಾಳಗಳ ಮೇಲೆ ಅದರ ಪರಿಣಾಮ ಕಡಿಮೆ. ಕ್ಷಣಾರ್ಧದ ಬಿರುಸು ಹೊಡೆತದಿಂದ ರಕ್ತಸ್ರಾವದ ಭಯ ಬೇರೆ. 1968ರಲ್ಲಿ ಫ್ರಾನ್ಸಿಸ್ ಲೆಸ್ಪೆರಾನ್ಸ್ ಬಳಕೆಗೆ ತಂದ ಆರ್ಗಾನ್ ಲೇಸರಿನ ನೀಲಿ-ಹಸಿರು ಬೆಳಕನ್ನು ರಕ್ತ ಚೆನ್ನಾಗಿ ಹೀರುತ್ತದೆ. ಅಲ್ಲೂ ಒಂದು ತೊಡಕು: ನಡುದೃಷ್ಟಿಯ ತಾಣವಾದ ಮ್ಯಾಕ್ಯುಲಾದ ಹಳದಿ ವರ್ಣದ್ರವ್ಯ ನೀಲಿ ಬೆಳಕನ್ನು ಹೀರಿ ತಾನೇ ಬೇಯುತ್ತದೆ. ಮುಂದೆ ವೈದ್ಯರು ನೀಲಿಯನ್ನು ಸೋಸಿ ಹಸಿರನ್ನಷ್ಟೇ ಉಳಿಸಿಕೊಂಡರು.

ಇದರಿಂದ ಲಾಭವೆಷ್ಟು, ನಷ್ಟವೆಷ್ಟು? ಸಕ್ಕರೆ ಕಾಯಿಲೆಯ ಮಟ್ಟಿಗೆ ಉತ್ತರ ಕೊಟ್ಟದ್ದು 1971ರಲ್ಲಿ ಆರಂಭವಾದ ಅಮೆರಿಕದ ಡಯಾಬಿಟಿಕ್ ರೆಟಿನೋಪತಿ ಅಧ್ಯಯನ. 1,700ಕ್ಕೂ ಹೆಚ್ಚು ರೋಗಿಗಳಿಗೆ ಒಂದು ಕಣ್ಣಿಗೆ ಮಾತ್ರ ಚಿಕಿತ್ಸೆ, ಇನ್ನೊಂದು ಹೋಲಿಕೆಗೆ. ತೀವ್ರ ದೃಷ್ಟಿನಾಶ ಅರ್ಧಕ್ಕಿಂತ ಹೆಚ್ಚು ತಗ್ಗಿತು. ಅದಕ್ಕೆ ತೆತ್ತ ಬೆಲೆಯೂ ದಾಖಲಾಯಿತು: ಅಂಚಿನ ನೋಟ ಕುಗ್ಗಿತು, ಕೆಲವರ ದೃಷ್ಟಿ ತುಸು ಮಂಜಾಯಿತು. ಕ್ಸೆನಾನ್ ಪಡೆದ ಕಣ್ಣುಗಳಿಗೆ ಈ ಪೆಟ್ಟು ಹೆಚ್ಚು. ಅಂಚಿನ ಅಕ್ಷಿಪಟಲದಲ್ಲಿ ಸಾವಿರಕ್ಕೂ ಮಿಕ್ಕಿ ಸುಡುಗಾಯ ಮಾಡಿದರೆ ಕತ್ತಲಲ್ಲಿ ಕಾಣುವ ಶಕ್ತಿಯೂ ಕುಂದುತ್ತದೆ, ಮ್ಯಾಕ್ಯುಲಾ ಊದಿಕೊಳ್ಳಲೂಬಹುದು. ಸಣ್ಣ ಚುಕ್ಕೆಗೆ ಅತಿ ಬಿಸಿ ತಾಗಿಸಿದರೆ ಅಕ್ಷಿಪಟಲದ ಕೆಳಗಿನ ಬ್ರೂಕ್ ಪೊರೆ ಒಡೆದು ರಕ್ತ ಸುರಿಯಬಹುದು. ಆ ಬಿರುಕಿನಿಂದಲೇ ಹೊಸ ವಿಕೃತ ನಾಳಗಳು ಮೇಲೇಳಬಹುದು. ಅಳಿಸಲು ಹೊರಟದ್ದೇ ಮರಳಿ ಹುಟ್ಟುವುದು ಈ ಚಿಕಿತ್ಸೆಯ ಅತಿ ಕಹಿಯಾದ ತೊಡಕು.

ವೃದ್ಧಾಪ್ಯದ ಮ್ಯಾಕ್ಯುಲಾ ರೋಗದಲ್ಲಿ ಆಯ್ಕೆ ಇನ್ನೂ ಕಠಿಣವಾಗಿತ್ತು. ವಿಕೃತ ನಾಳಗಳು ಮ್ಯಾಕ್ಯುಲಾದ ನಟ್ಟನಡುವಿನ ಫೋವಿಯಾದ ಕೆಳಗೇ ಇದ್ದಾಗ, ಲೇಸರ್ ಹಾಯಿಸಿದ ಕೂಡಲೇ ಓದುವ ದೃಷ್ಟಿ ಕುಸಿಯುತ್ತಿತ್ತು. ಆದರೂ ಎರಡು ವರ್ಷಗಳ ನಂತರ ಅಂಥ ಕಣ್ಣುಗಳು ಚಿಕಿತ್ಸೆ ಪಡೆಯದವಕ್ಕಿಂತ ಮೇಲಾಗಿದ್ದುದನ್ನು ಮ್ಯಾಕ್ಯುಲರ್ ಫೋಟೋಕೋಯಾಗ್ಯುಲೇಶನ್ ಅಧ್ಯಯನ 1991ರಲ್ಲಿ ತೋರಿಸಿತು. ಅನೇಕ ರೋಗಿಗಳಲ್ಲಿ ನಾಳಗಳು ಮತ್ತೆ ಚಿಗುರುತ್ತಿದ್ದವು. ಕಲೆಗಳು ವರ್ಷಗಟ್ಟಲೆ ಹಬ್ಬುತ್ತಿದ್ದವು.

2006ರಲ್ಲಿ, ವಿಕೃತ ನಾಳಗಳ ಬೆಳವಣಿಗೆಯನ್ನು ತಡೆಯುವ ರಾನಿಬಿಜುಮ್ಯಾಬ್ ಚುಚ್ಚುಮದ್ದು ಬಂದ ಮೇಲೆ ಫೋವಿಯಾವನ್ನು ಸುಡುವ ಪದ್ಧತಿ ಬಹುತೇಕ ನಿಂತಿತು. ಸಕ್ಕರೆ ಕಾಯಿಲೆಯ ಕಣ್ಣಿನಲ್ಲೂ ಈ ಮದ್ದು ಲೇಸರಿಗೆ ಕಡಿಮೆಯಿಲ್ಲ, ಅಂಚಿನ ನೋಟಕ್ಕೆ ಹಾನಿಯೂ ಕಡಿಮೆ ಎಂದು 2015ರ ಅಮೆರಿಕದ ಪ್ರಯೋಗ ತಿಳಿಸಿತು. ಆದರೆ ಚುಚ್ಚುಮದ್ದಿನ ನಡುವೆ ತಿಂಗಳುಗಟ್ಟಲೆ ಆಸ್ಪತ್ರೆಗೆ ಬಾರದವರಲ್ಲಿ ಅಕ್ಷಿಪಟಲ ಎಳೆತಕ್ಕೆ ಸಿಕ್ಕಿ ಕಳಚುವುದು ಹೆಚ್ಚು. ಮರಳಿ ಬರುವುದು ಖಚಿತವಿಲ್ಲದ ರೋಗಿಗೆ ವೈದ್ಯರು ಇಂದಿಗೂ ಲೇಸರನ್ನೇ ಆರಿಸುವುದುಂಟು.