ಬಿಯರ್ ಪೀಪಾಯಿಯಲ್ಲಿ ಉಷ್ಣ ವಿಜ್ಞಾನ

ಬೇಸಿಗೆಯಲ್ಲಿ ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆಯಿಂದ ಉಕ್ಕಿ ಹರಿದಿರುತ್ತದೆ. ಡಿಸೆಂಬರಿನಲ್ಲಿ ಅದೇ ಹಿಟ್ಟಿನ ಪಾತ್ರೆಗೆ ಬಟ್ಟೆ ಸುತ್ತಿ ಒಲೆಯ ಪಕ್ಕ ಇಡಬೇಕಾಗುತ್ತದೆ. ಅಕ್ಕಿ, ಉದ್ದು ಅವೇ. ರುಬ್ಬಿದ ಕೈಯೂ ಅದೇ. ಬದಲಾದದ್ದು ತಾಪ ಮಾತ್ರ. ಹುದುಗುವಿಕೆಯಲ್ಲಿ ತಾಪದ ಪಾತ್ರವೇನು, ಅದನ್ನು ಹಿಡಿತಕ್ಕೆ ತರಲು ಮನುಷ್ಯ ಏನೇನು ಮಾಡಿದ ಎಂಬುದಕ್ಕೆ ಬಿಯರಿನ ಚರಿತ್ರೆ ಒಂದು ಒಳ್ಳೆಯ ಉದಾಹರಣೆ.

ಇಂದು ಮಾರುಕಟ್ಟೆಯಲ್ಲಿ ಎರಡು ಬಗೆಯ ಬಿಯರಿನ ಮಾತು ಕೇಳಿಬರುತ್ತದೆ. ಒಂದು, ದೊಡ್ಡ ಕಾರ್ಖಾನೆಗಳಲ್ಲಿ ತಯಾರಾಗುವ ತಿಳಿ ಹಳದಿ ಬಣ್ಣದ ಲಾಗರ್. ಎಲ್ಲಿ ಕೊಂಡರೂ ಒಂದೇ ರುಚಿ. ಇನ್ನೊಂದು, ಸಣ್ಣ ಘಟಕಗಳಲ್ಲಿ ಬಗೆಬಗೆಯಾಗಿ ತಯಾರಾಗುವ ಕ್ರಾಫ್ಟ್ ಬಿಯರ್. ಮೊದಲನೆಯದು ಯಂತ್ರದ ಕೂಸು, ಎರಡನೆಯದು ಹಳೆಯ ಕಾಲದ ಕೈಕಸುಬು ಎಂಬ ನಂಬಿಕೆ ವ್ಯಾಪಕವಾಗಿದೆ. ವಿಜ್ಞಾನದ ಚರಿತ್ರೆ ಈ ನಂಬಿಕೆಯನ್ನು ಸಮರ್ಥಿಸುವುದಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಇದು ಮದ್ಯಪಾನದ ಪರವಾದ ವಕಾಲತ್ತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮದ್ಯವನ್ನು 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಬಿಯರ್ ಕಾರ್ಖಾನೆಯದಾಗಲಿ, ಕೈಕಸುಬಿನದಾಗಲಿ, ಈ ಮಾತು ಎರಡಕ್ಕೂ ಸಮಾನವಾಗಿ ಅನ್ವಯಿಸುತ್ತದೆ.

ಎರಡು ಯೀಸ್ಟ್, ಎರಡು ತಾಪ

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಪುಡಿಮಾಡಿ ಬಿಸಿನೀರಿನಲ್ಲಿ ನೆನೆಸಿದಾಗ ಮಾಲ್ಟಿನಲ್ಲಿರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಈ ಸಿಹಿ ದ್ರವವನ್ನು ಹಾಪ್ಸ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟ್ ಸೇರಿಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಒಡೆಯುತ್ತದೆ.

ಇಂಗ್ಲೆಂಡಿನ ಸಾಂಪ್ರದಾಯಿಕ 'ಏಲ್' ಬಿಯರಿನ ಯೀಸ್ಟ್ ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ಕೆಲಸ ಮಾಡಿ, ನೊರೆಯೊಡನೆ ಮೇಲಕ್ಕೆ ಬರುತ್ತದೆ. ಲಾಗರ್ ಯೀಸ್ಟ್ ಸುಮಾರು 8ರಿಂದ 13 ಡಿಗ್ರಿಯಲ್ಲಿ ನಿಧಾನವಾಗಿ ಕೆಲಸ ಮಾಡಿ ತಳಕ್ಕಿಳಿಯುತ್ತದೆ. ಆಮೇಲೆ ಬಿಯರನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ವಾರಗಟ್ಟಲೆ ದಾಸ್ತಾನು ಮಾಡಬೇಕು. ಲಾಗರ್ ಎಂಬ ಹೆಸರೇ ದಾಸ್ತಾನು ಎಂಬರ್ಥದ ಜರ್ಮನ್ ಪದದಿಂದ ಬಂದದ್ದು. ಬೆಚ್ಚಗಿನ ತಾಪದಲ್ಲಿ ಯೀಸ್ಟ್ ಹಣ್ಣಿನ ವಾಸನೆಯ ಎಸ್ಟರ್‌ಗಳನ್ನು ಹೆಚ್ಚಾಗಿ ಉತ್ಪಾದಿಸುತ್ತದೆ, ತಂಪಿನಲ್ಲಿ ಕಡಿಮೆ. ಆದ್ದರಿಂದ ಏಲ್ ಪರಿಮಳಭರಿತ, ಲಾಗರ್ ಸಪ್ಪೆ ಎನ್ನಬಹುದಾದಷ್ಟು ತಿಳಿ.

ಹಾಗಾದರೆ ಯಂತ್ರಗಳಿಲ್ಲದ ಕಾಲದಲ್ಲಿ ತಂಪು ಎಲ್ಲಿಂದ ಬರುತ್ತಿತ್ತು? ಚಳಿಗಾಲ, ನೆಲಮಾಳಿಗೆ ಮತ್ತು ಕೆರೆಯಿಂದ ಕೊಯ್ದು ತಂದ ಮಂಜುಗಡ್ಡೆಯಿಂದ. ಜರ್ಮನಿಯ ಬವೇರಿಯಾದಲ್ಲಿ 1553ರ ಆಜ್ಞೆಯೊಂದು ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಕೆಯನ್ನೇ ನಿಷೇಧಿಸಿತ್ತು. ಸೆಖೆಯಲ್ಲಿ ಬಿಯರ್ ಕೆಡುತ್ತದೆ ಎಂಬ ಅನುಭವವೇ ಇಲ್ಲಿ ಕಾನೂನಾಯಿತು. ತಂಪಿನಲ್ಲೂ ಬದುಕಬಲ್ಲ ಯೀಸ್ಟ್ ಹೀಗೆ ಯಾರ ಅರಿವಿಗೂ ಬಾರದೆ ಆಯ್ಕೆಯಾಗುತ್ತ ಬಂತು.

ಥರ್ಮಾಮೀಟರ್ ಹಿಡಿದವರು

ತಾಪವನ್ನು ಅಳೆಯುವ ರೂಢಿ ಮೊದಲು ಬಲವಾದದ್ದು ಇಂಗ್ಲೆಂಡಿನಲ್ಲಿ. ಲಂಡನ್ನಿನ ಮೈಕೆಲ್ ಕಾಂಬ್ರೂನ್ ಎಂಬ ತಯಾರಕ 1762ರ ತನ್ನ ಪುಸ್ತಕದಲ್ಲಿ ಥರ್ಮಾಮೀಟರಿನ ಬಳಕೆಯನ್ನು ಪ್ರತಿಪಾದಿಸಿದ. 1784ರಲ್ಲಿ ಜಾನ್ ರಿಚರ್ಡ್‌ಸನ್ ದ್ರವದ ಸಾಂದ್ರತೆಯಿಂದ ಸಕ್ಕರೆಯ ಪ್ರಮಾಣ ತಿಳಿಯುವ ಮಾಪಕದ ಬಳಕೆಯನ್ನು ವಿವರಿಸಿದ. 1833ರಲ್ಲಿ ಮ್ಯೂನಿಕ್‌ನ ಗೇಬ್ರಿಯಲ್ ಸೆಡಲ್‌ಮೈಯರ್ ಮತ್ತು ವಿಯೆನ್ನಾದ ಆಂಟನ್ ಡ್ರೆಹರ್ ಬ್ರಿಟನ್ನಿನ ಕಾರ್ಖಾನೆಗಳನ್ನು ನೋಡಿಬಂದರು. ಟೊಳ್ಳಾದ ಊರುಗೋಲಿನಲ್ಲಿ ದ್ರವದ ಮಾದರಿಗಳನ್ನು ಕದ್ದು ತಂದು, ಕೋಣೆಯಲ್ಲಿ ಕುಳಿತು ಅಳೆದರು! ಆ ಅಳತೆಯ ವಿದ್ಯೆಯನ್ನು ಅವರು ತಮ್ಮ ತಂಪು ಹುದುಗುವಿಕೆಗೆ ಅಳವಡಿಸಿದರು. ಬೊಹೀಮಿಯಾದ ಪಿಲ್ಸೆನ್ ಊರಿನಲ್ಲಿ ಜೋಸೆಫ್ ಗ್ರೋಲ್ 1842ರಲ್ಲಿ ಬಂಗಾರದ ಬಣ್ಣದ ಲಾಗರನ್ನು ತಯಾರಿಸಿದ. ಇಂದಿನ ಕಾರ್ಖಾನೆ ಲಾಗರಿನ ಮೂಲಪುರುಷ ಅದೇ.

ಅದೇ ಕಾಲಕ್ಕೆ ಮ್ಯಾಂಚೆಸ್ಟರ್ ಬಳಿಯ ಸಾಲ್ಫರ್ಡ್‌ನಲ್ಲಿ ಬಿಯರ್ ತಯಾರಕನ ಮಗನೊಬ್ಬ ನೀರನ್ನು ಕಲಕಿ ಅದು ಎಷ್ಟು ಬಿಸಿಯಾಗುತ್ತದೆಂದು ಅಳೆಯುತ್ತಿದ್ದ. ಅವನೇ ಜೇಮ್ಸ್ ಪ್ರೆಸ್ಕಾಟ್ ಜೂಲ್. ಫ್ಯಾರನ್‌ಹೀಟ್ ಡಿಗ್ರಿಯ ಇನ್ನೂರನೇ ಒಂದು ಭಾಗದಷ್ಟು ಸೂಕ್ಷ್ಮ ವ್ಯತ್ಯಾಸವನ್ನು ಓದಬಲ್ಲೆ ಎಂಬ ಅವನ ಮಾತನ್ನು ಹಲವರು ನಂಬಲಿಲ್ಲ. ತಾಪವನ್ನು ದಿನವೂ ಗಮನಿಸಬೇಕಾದ ಮನೆಯ ಉದ್ಯಮದಲ್ಲಿ ಬೆಳೆದವನಿಗೆ ಈ ಕೌಶಲ ಬಂದದ್ದು ಸಹಜವೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಒಂದು ಪೌಂಡ್ ನೀರನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿ ಬಿಸಿಮಾಡಲು 772 ಅಡಿ-ಪೌಂಡ್ ಕೆಲಸ ಬೇಕೆಂದು 1850ರಲ್ಲಿ ಅವನು ಪ್ರಕಟಿಸಿದ. ಇಂದಿನ ಬೆಲೆ 778. ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ.

ಒಂದು ಸಣ್ಣ ಲೆಕ್ಕ

ಹುದುಗುವಿಕೆಯಲ್ಲಿ ಉಷ್ಣ ಬಿಡುಗಡೆಯಾಗುತ್ತದೆ. ಒಂದು ಕಿಲೋಗ್ರಾಂ ಸಕ್ಕರೆ ಹುದುಗಿದರೆ ಸುಮಾರು 580 ಕಿಲೋಜೂಲ್. ಸಾವಿರ ಲೀಟರ್ ಬಿಯರಿನಲ್ಲಿ ಸುಮಾರು 80 ಕಿಲೋಗ್ರಾಂ ಸಕ್ಕರೆ ಹುದುಗುತ್ತದೆಂದು ಇಟ್ಟುಕೊಳ್ಳಿ. ಒಟ್ಟು ಉಷ್ಣ ಸುಮಾರು 46,000 ಕಿಲೋಜೂಲ್. ಇದು ಹೊರಹೋಗದಿದ್ದರೆ ದ್ರವದ ತಾಪ ಸುಮಾರು 11 ಡಿಗ್ರಿ ಏರುತ್ತದೆ. ಹತ್ತು ಡಿಗ್ರಿಯಲ್ಲಿ ಆರಂಭಿಸಿದ ಲಾಗರ್ ಏಲ್‌ನ ತಾಪಕ್ಕೆ ಬಂದುಬಿಡುತ್ತದೆ. ಈ ಉಷ್ಣವನ್ನು ಮಂಜುಗಡ್ಡೆಯಿಂದ ಹೀರಿಸಬೇಕಾದರೆ, ಕಿಲೋಗ್ರಾಮಿಗೆ 334 ಕಿಲೋಜೂಲ್ ಗುಪ್ತೋಷ್ಣದ ಲೆಕ್ಕದಲ್ಲಿ, ಸುಮಾರು 140 ಕಿಲೋಗ್ರಾಂ ಮಂಜುಗಡ್ಡೆ ಬೇಕು. ದಾಸ್ತಾನಿಗೆ ಬೇಕಾದದ್ದು ಬೇರೆ.

ಇನ್ನೊಂದು ಅಂಶ ಗಮನಿಸಿ. ಪಾತ್ರೆಯ ಅಗಲ, ಎತ್ತರಗಳನ್ನು ಎರಡರಷ್ಟು ಮಾಡಿದರೆ ಒಳಗಿನ ದ್ರವ ಎಂಟರಷ್ಟಾಗುತ್ತದೆ, ಉಷ್ಣ ಹೊರಹೋಗುವ ಮೇಲ್ಮೈ ನಾಲ್ಕರಷ್ಟು ಮಾತ್ರ. ಅಂದರೆ ಪಾತ್ರೆ ದೊಡ್ಡದಾದಷ್ಟೂ ತಾನಾಗಿ ತಣಿಯುವ ಸಾಮರ್ಥ್ಯ ಕುಗ್ಗುತ್ತದೆ. ಮಂಜುಗಡ್ಡೆಯನ್ನೇ ನಂಬಿ ಲಾಗರನ್ನು ಬೃಹತ್ ಪ್ರಮಾಣದಲ್ಲಿ, ವರ್ಷವಿಡೀ ತಯಾರಿಸುವುದು ಎಷ್ಟು ಕಷ್ಟವೆಂದು ಇದರಿಂದ ತಿಳಿಯುತ್ತದೆ.

ಈ ಕಷ್ಟವನ್ನು ಬಿಡಿಸಿದವನು ಮ್ಯೂನಿಕ್‌ನ ಪ್ರಾಧ್ಯಾಪಕ ಕಾರ್ಲ್ ಫಾನ್ ಲಿಂಡೆ. ಉಷ್ಣಗತಿ ವಿಜ್ಞಾನದ ನಿಯಮಗಳಿಂದ ಲೆಕ್ಕ ಹಾಕಿ ಅವನು ರೂಪಿಸಿದ ಮೊದಲ ಶೀತಕ ಯಂತ್ರವನ್ನು ಸೆಡಲ್‌ಮೈಯರ್ ತನ್ನ ಸ್ಪಾಟೆನ್ ಕಾರ್ಖಾನೆಯಲ್ಲಿ ಪ್ರಯೋಗಕ್ಕೆ ಒಡ್ಡಿದ. ಅದರಲ್ಲಿ ಮೀಥೈಲ್ ಈಥರ್ ಬಳಸಲಾಗಿತ್ತು. 1876ರ ಹೊತ್ತಿಗೆ ಸಿದ್ಧವಾದ ಅಮೋನಿಯಾ ಯಂತ್ರ ಯಶಸ್ವಿಯಾಯಿತು. 1895ರಲ್ಲಿ ಅದೇ ಲಿಂಡೆ ಜೂಲ್-ಥಾಮ್ಸನ್ ಪರಿಣಾಮವನ್ನು ಬಳಸಿ ಗಾಳಿಯನ್ನು ದೊಡ್ಡ ಪ್ರಮಾಣದಲ್ಲಿ ದ್ರವೀಕರಿಸಿದ. ಬಿಯರ್ ತಯಾರಕನ ಮಗ ಕಂಡುಕೊಂಡ ಪರಿಣಾಮವು ಬಿಯರಿಗಾಗಿ ತಂಪು ಹುಡುಕುತ್ತಿದ್ದವನ ಕೈಸೇರಿತ್ತು.

ಒಂದೇ ಕೋಶದ ಸಂತಾನ

ತಾಪ ಹಿಡಿತಕ್ಕೆ ಬಂದರೂ ಬಿಯರ್ ಆಗಾಗ ಕೆಡುತ್ತಿತ್ತು. ಬೇಡದ ಸೂಕ್ಷ್ಮಜೀವಿಗಳೇ ಕಾರಣವೆಂದು ಲೂಯಿ ಪಾಶ್ಚರ್ 1876ರ ತನ್ನ ಗ್ರಂಥದಲ್ಲಿ ತೋರಿಸಿದ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಮುಂದಿನ ಹೆಜ್ಜೆ ಇಟ್ಟ. ಬೇಡದ ಯೀಸ್ಟ್‌ಗಳೂ ಬಿಯರನ್ನು ಕೆಡಿಸುತ್ತವೆ ಎಂದು ಕಂಡ ಅವನು, 1883ರಲ್ಲಿ ಒಂದೇ ಒಂದು ಯೀಸ್ಟ್ ಕೋಶವನ್ನು ಬೇರ್ಪಡಿಸಿ ಅದರ ಸಂತಾನವನ್ನು ಮಾತ್ರ ಬೆಳೆಸಿದ. ಕಾರ್ಖಾನೆಯ ಒಡೆಯ ಜೆ.ಸಿ. ಯಾಕೋಬ್ಸನ್ ಇದನ್ನು ಗುಟ್ಟಾಗಿ ಇಟ್ಟುಕೊಳ್ಳಬಹುದಿತ್ತು. ಹಾಗೆ ಮಾಡದೆ, ವಿಧಾನವನ್ನು ಪ್ರಕಟಿಸಲು ಬಿಟ್ಟು, ಯೀಸ್ಟನ್ನು ಇತರ ತಯಾರಕರಿಗೂ ಹಂಚಿದ. ಇದೇ ಪ್ರಯೋಗಾಲಯದಲ್ಲಿ 1909ರಲ್ಲಿ ಸೋರೆನ್ಸನ್ ಪಿಎಚ್ ಮಾಪನವನ್ನು ರೂಪಿಸಿದ. ನಮ್ಮ ಶಾಲೆಗಳಲ್ಲಿ ಲಿಟ್ಮಸ್ ಜೊತೆಗೆ ಪಾಠ ಮಾಡುವ ಪಿಎಚ್ ಇದೇ.

ಏಕರೂಪತೆಯ ಬೆಲೆ

ಈ ಎಲ್ಲದರ ಫಲವಾಗಿ ಬಿಯರ್ ಏಕರೂಪವಾಯಿತು. ಆದರೆ ಅದಕ್ಕೆ ಬೆಲೆಯೂ ಇತ್ತು. ಲಾಗರ್ ಯೀಸ್ಟ್ ಎರಡು ಪ್ರಭೇದಗಳ ಸಂಕರ. ಒಂದು, ಬ್ರೆಡ್ಡಿನಲ್ಲೂ ಏಲ್‌ನಲ್ಲೂ ಇರುವ ಯೀಸ್ಟ್. ಇನ್ನೊಂದು ಯಾವುದೆಂದು ಬಹುಕಾಲ ತಿಳಿದಿರಲಿಲ್ಲ. 2011ರಲ್ಲಿ ಅದು ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಕಾಡುಗಳಲ್ಲಿ ಪತ್ತೆಯಾಯಿತು; ಆಮೇಲೆ ಟಿಬೆಟ್ ಮತ್ತು ಐರ್ಲೆಂಡಿನಲ್ಲೂ ಸಿಕ್ಕಿತು. ಇಂದಿನ ಲಾಗರ್ ಯೀಸ್ಟ್‌ಗಳೆಲ್ಲ ಮುಖ್ಯವಾಗಿ ಎರಡೇ ವಂಶಗಳಿಗೆ ಸೇರಿವೆ. ಏಲ್ ಯೀಸ್ಟ್‌ಗಳಲ್ಲಿರುವ ವೈವಿಧ್ಯ ಇಲ್ಲಿಲ್ಲ.

ತಯಾರಕರ ಸಂಖ್ಯೆಯೂ ಕುಸಿಯಿತು. ಅಮೆರಿಕದಲ್ಲಿ 1873ರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬಿಯರ್ ಕಾರ್ಖಾನೆಗಳಿದ್ದವು. ಪಾನನಿಷೇಧ ಮತ್ತು ದೊಡ್ಡ ಕಂಪನಿಗಳ ಪೈಪೋಟಿಯಿಂದಾಗಿ 1970ರ ದಶಕದ ಕೊನೆಗೆ ನೂರಕ್ಕಿಂತ ಕಡಿಮೆ ಉಳಿದವು. ಇದಕ್ಕೆ ಪ್ರತಿಕ್ರಿಯೆಯೂ ಹುಟ್ಟಿತು. ಬ್ರಿಟನ್ನಿನಲ್ಲಿ 1971ರಲ್ಲಿ ಗ್ರಾಹಕರೇ ಏಲ್ ಉಳಿಸಲು ಸಂಘಟನೆ ಕಟ್ಟಿದರು. ಅಮೆರಿಕದಲ್ಲಿ 1976ರಲ್ಲಿ ಜ್ಯಾಕ್ ಮೆಕಾಲಿಫ್ ಕ್ಯಾಲಿಫೋರ್ನಿಯಾದಲ್ಲಿ ಪುಟ್ಟ ಘಟಕವೊಂದನ್ನು ತೆರೆದ. ಅದು 1982ರಲ್ಲಿ ಮುಚ್ಚಿತಾದರೂ ಇತರರಿಗೆ ದಾರಿಯಾಯಿತು. ಮನೆಯಲ್ಲಿ ಬಿಯರ್ ತಯಾರಿಸುವುದಕ್ಕೆ 1978ರ ಶಾಸನ ಅನುಮತಿ ಕೊಟ್ಟಿತು. ಈಗ ಅಲ್ಲಿನ ಕಾರ್ಖಾನೆಗಳ ಸಂಖ್ಯೆ ಒಂಬತ್ತು ಸಾವಿರಕ್ಕೂ ಹೆಚ್ಚು.

ಈ ಸಣ್ಣ ತಯಾರಕರು ಹಳೆಯ ಕಾಲಕ್ಕೆ ಮರಳಿದರೇ? ಇಲ್ಲ. ಅವರ ಹೈನು ಉದ್ಯಮದ ಹಳೆಯ ಸ್ಟೀಲ್ ತೊಟ್ಟಿಗಳ ಪಕ್ಕದಲ್ಲಿ ಥರ್ಮಾಮೀಟರ್ ಇತ್ತು. ಅವರು ಬಳಸಿದ ಯೀಸ್ಟ್, ಹ್ಯಾನ್ಸನ್ ಕಲಿಸಿದ ಕ್ರಮದಲ್ಲಿ ಬೇರ್ಪಡಿಸಿದ ಶುದ್ಧ ತಳಿ. ಅವರಿಗೆ ಪ್ರಿಯವಾದ ಕ್ಯಾಸ್ಕೇಡ್ ಎಂಬ ಹಾಪ್ಸ್, ಸರ್ಕಾರಿ ತಳಿ ಸಂವರ್ಧನೆಯಿಂದ 1972ರಲ್ಲಿ ಬಿಡುಗಡೆಯಾದದ್ದು. ಲಿಂಡೆಯ ತತ್ವದ ಶೀತಕ ಯಂತ್ರ ಚಿಕ್ಕದಾಗಿ, ಅಗ್ಗವಾಗಿ ಅವರ ಕೈಗೂ ಬಂದಿತ್ತು. ಕಾರ್ಖಾನೆಯವರು ಇದೇ ವಿದ್ಯೆಯಿಂದ ವ್ಯತ್ಯಾಸವನ್ನು ಅಳಿಸಿದರು, ಇವರು ಬೇಕೆಂದ ವ್ಯತ್ಯಾಸವನ್ನು ಬೇಕೆಂದಾಗ ತಂದರು. ವಿಧಾನ ಗುಟ್ಟಾಗಿ ಉಳಿದಿದ್ದರೆ ಈ ಎರಡನೆಯ ಕೆಲಸ ಸುಲಭವಾಗಿ ಸಾಧ್ಯವಾಗುತ್ತಿರಲಿಲ್ಲ.

ತರಗತಿಯಲ್ಲಿ ಇದನ್ನು ತೋರಿಸಲು ಬಿಯರ್ ಬೇಕಿಲ್ಲ. ಮೂರು ಸಣ್ಣ ಬಾಟಲಿಗಳಲ್ಲಿ ಸಮ ಅಳತೆಯ ನೀರು, ಸಕ್ಕರೆ ಮತ್ತು ಬೇಕರಿಯ ಯೀಸ್ಟ್ ಹಾಕಿ, ಬಾಯಿಗೆ ಬಲೂನು ಕಟ್ಟಿ. ಒಂದನ್ನು ಮಂಜುಗಡ್ಡೆ ಬೆರೆಸಿದ ನೀರಿನಲ್ಲಿ, ಇನ್ನೊಂದನ್ನು ಮೇಜಿನ ಮೇಲೆ, ಮತ್ತೊಂದನ್ನು ಉಗುರುಬೆಚ್ಚನೆಯ ನೀರಿನಲ್ಲಿ ಇಡಿ. ಹತ್ತು ನಿಮಿಷಕ್ಕೊಮ್ಮೆ ಬಲೂನಿನ ಸುತ್ತಳತೆಯನ್ನು ದಾರದಿಂದ ಅಳೆದು ವಿದ್ಯಾರ್ಥಿಗಳು ನಕ್ಷೆ ಬರೆಯಲಿ. ಚಳಿಗಾಲದ ಇಡ್ಲಿ ಹಿಟ್ಟು ಏಕೆ ಉಬ್ಬಲಿಲ್ಲ ಎಂಬುದಕ್ಕೆ ಉತ್ತರವನ್ನು ಆ ನಕ್ಷೆಯಿಂದ ಅವರೇ ಓದಿಕೊಳ್ಳುತ್ತಾರೆ.